ಷೆಡ್ಯೂಲ್ ಡಿ ಎಂಬ ಇಲ್ಲದ ಹಾಳೆ

ಯಲಹಂಕ ಹಳೇ ಪೇಟೆಯಲ್ಲಿ ಜೆರಾಕ್ಸ್ ಅಂಗಡಿಯೊಂದರ ಮೇಲೆ ನನ್ನ ಆಫೀಸಿದೆ. ಕೆಳಗೆ ಮಿಷನ್ ಓಡಿದರೆ ಮೇಲೆ ನನ್ನ ಮೇಜಿನ ಗಾಜು ನಡುಗುತ್ತದೆ. ಕೋರ್ಟಿನಲ್ಲಿ ನಿಂತು ವಾದ ಮಾಡುವ ವಕೀಲೆ ನಾನಲ್ಲ. ಕರಾರು, ಒಪ್ಪಂದ ಬರೆಯುವವಳು. ಜಗಳ ಆದ ಮೇಲೆ ಬರುವವರಿಗಿಂತ ಜಗಳ ಆಗದಿರಲಿ ಎಂದು ಬರುವವರ ಜೊತೆ ಕೆಲಸ ಮಾಡುವುದು ನೆಮ್ಮದಿ ಎಂದು ಈ ದಾರಿ ಹಿಡಿದಿದ್ದೆ. ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಹೋದ ವರ್ಷ, ಮದುವೆ ಸೀಸನ್ ಮುಗಿದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ.

ಬಂದವರು ಆರ್.ಟಿ. ನಗರದಲ್ಲಿ ಮದುವೆ, ನಿಶ್ಚಿತಾರ್ಥ, ಕಂಪನಿ ಸಮಾರಂಭಗಳನ್ನು ನಡೆಸಿಕೊಡುವ ಸಣ್ಣ ಸಂಸ್ಥೆಯೊಂದರ ಮಾಲೀಕರು. ನಲವತ್ತೈದರ ಆಸುಪಾಸಿನ ಹೆಂಗಸು. ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಫೋನ್ ಮುಗಿಸಿದರು, ಒಂದು ಉರ್ದುವಿನಲ್ಲಿ, ಇನ್ನೊಂದು ಕನ್ನಡದಲ್ಲಿ.

"ಮೇಡಂ, ನನ್ ಹತ್ರ ಹನ್ನೊಂದು ಜನ ಪ್ಲಾನರ್ಸ್ ಇದಾರೆ. ಎಲ್ರಿಗೂ ಹೊಸ ಅಗ್ರಿಮೆಂಟ್ ಆಗ್ಬೇಕು. ಕಾನೂನು ಪ್ರಕಾರ ಪಕ್ಕಾ ಇರ್ಬೇಕು. ನಾಳೆ ಯಾರೂ ಒಂದ್ ಲೈನ್ ಹಿಡ್ಕೊಂಡು ನನ್ ಮುಂದೆ ಬಂದು ನಿಲ್ಬಾರ್ದು."

ಹಳೆಯ ಒಪ್ಪಂದದ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟರು. ಎಲ್ಲಿಂದ ತಂದದ್ದು ಎಂದು ಕೇಳಿದೆ. ತಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಇದ್ದದ್ದನ್ನೇ ಹೆಸರು ಬದಲಾಯಿಸಿ ಇಟ್ಟುಕೊಂಡೆ ಎಂದರು. "ಈ ಲೈನಲ್ಲಿ ಎಲ್ರ ಹತ್ರನೂ ಇದೇ ಇದೆ ಮೇಡಂ," ಎಂದು ಸಮರ್ಥನೆ ಬೇರೆ. ಪಕ್ಕದ ಮನೆಯ ಸಾರು ತಂದು ನಮ್ಮ ಮನೆಯ ಒಗ್ಗರಣೆ ಹಾಕುವ ಈ ಅಭ್ಯಾಸವನ್ನು ನಾನು ಕಕ್ಷಿದಾರರ ಮುಂದೆ ಯಾವಾಗಲೂ ಗೇಲಿ ಮಾಡುತ್ತೇನೆ. ಅವತ್ತೂ ಮಾಡಿದೆ. ನಗುತ್ತಲೇ ಪುಟ ತಿರುಗಿಸಿದೆ.

ನಾಲ್ಕನೇ ಪುಟದಲ್ಲಿ ಒಂಬತ್ತನೇ ಕಲಂ. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: ಬಾಡಿಗೆಗೆ ತಂದ ಕೊನೆಯ ಪಾತ್ರೆಯನ್ನು ಎಣಿಸಿ ಹಿಂತಿರುಗಿಸಿ, ಮಂಟಪದ ಕೊನೆಯ ದೀಪ ತೆಗೆಯುವವರೆಗೆ ಪ್ಲಾನರ್ ಸ್ಥಳ ಬಿಟ್ಟು ಹೋಗತಕ್ಕದ್ದಲ್ಲ, ಷೆಡ್ಯೂಲ್ ಡಿ-ಯಲ್ಲಿ ಹೇಳಿರುವ ಸಂದರ್ಭಗಳ ಹೊರತು.

ಪಾತ್ರೆ, ದೀಪ ಎಂದೆಲ್ಲ ಇಂಗ್ಲಿಷ್ ಕರಾರಿನಲ್ಲಿ ಯಾವ ವಕೀಲರೂ ಬರೆಯುವುದಿಲ್ಲ. ಒಬ್ಬಳು ಬರೆದಿದ್ದಳು. ಅದು ನಾನು. ಎಷ್ಟೋ ವರ್ಷಗಳ ಹಿಂದೆ, ಯಶವಂತಪುರದಲ್ಲಿ ನನ್ನ ಸೀನಿಯರ್ ವಕೀಲರ ಆಫೀಸಿನಲ್ಲಿ ಕೂತು, ಬೇರೆ ಯಾವುದೋ ಡೆಕೊರೇಟರಿಗಾಗಿ.

ಆ ಕಲಮಿನ ಪಕ್ಕದಲ್ಲಿ, 'ಷೆಡ್ಯೂಲ್ ಡಿ' ಎಂಬ ಪದಕ್ಕೆ ನೇರವಾಗಿ, ಪೆನ್ಸಿಲಿನಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾನು ಕೊನೆಯ ಪುಟಗಳಿಗೆ ಹೋದೆ. ಷೆಡ್ಯೂಲ್ ಎ, ಕೆಲಸದ ವಿವರ. ಬಿ, ಸಂಬಳ. ಸಿ, ಸಂಸ್ಥೆಯ ಸಾಮಾನುಗಳ ಪಟ್ಟಿ. ಅಲ್ಲಿಗೆ ಮುಗಿದಿತ್ತು.

"ಇದು ಯಾರ ಕಾಪಿ?" ಎಂದು ಕೇಳಿದೆ.

ಮಾಲೀಕರು ಫೋನನ್ನು ಮಗುಚಿಟ್ಟರು. "ಅವ್ರು ಈಗಿಲ್ಲ ಮೇಡಂ," ಎಂದರು.

ಅವರ ಅತ್ಯಂತ ಹಿರಿಯ ಪ್ಲಾನರ್ ಆಕೆ. ಗದಗ ಕಡೆಯವರು, ಟಿ. ದಾಸರಹಳ್ಳಿಯಲ್ಲಿ ಗಂಡನ ಜೊತೆ ವಾಸ. ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆಯ ಒಂದು ಕನ್ವೆನ್ಷನ್ ಹಾಲಿನಲ್ಲಿ ಎರಡು ದಿನದ ಮದುವೆ. ಮೊದಲ ದಿನವೇ ಆಕೆಗೆ ಜ್ವರ. ಮಾತ್ರೆ ನುಂಗಿಕೊಂಡು ಎರಡೂ ದಿನ ನಿಂತು, ಮದುವೆ ಮುಗಿಸಿ, ಪಾತ್ರೆ ಎಣಿಸಿ ಕೊಟ್ಟು ಮನೆಗೆ ಹೋದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಡೆಂಗಿ ಕೈಮೀರಿತ್ತು. ಎರಡು ದಿನದಲ್ಲಿ ತೀರಿಕೊಂಡರು.

"ನಾನು ನಿಲ್ಲು ಅಂತ ಹೇಳಿಲ್ಲ ಮೇಡಂ. ಅವ್ಳೂ ಹೋಗ್ತೀನಿ ಅಂತ ಕೇಳಿಲ್ಲ," ಎಂದರು ಮಾಲೀಕರು. ಆಮೇಲೆ ಬ್ಯಾಗಿನಿಂದ ಮೂರು ಕಾಗದ ತೆಗೆದರು. ಮೂರೂ ಆಕೆಯ ಗಂಡ ಬರೆದದ್ದು. ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ ನಡೆಸುವ ಟರ್ನರ್ ಅಂತೆ. ಅಕ್ಷರ ದುಂಡಗೆ, ಮೂರರಲ್ಲೂ ಅದೇ ನಾಲ್ಕು ಸಾಲು. ಪರಿಹಾರದ ಮಾತಿಲ್ಲ, ಬೈಗುಳವಿಲ್ಲ. 'ನನ್ನ ಹೆಂಡತಿಯ ಒಪ್ಪಂದದ ಷೆಡ್ಯೂಲ್ ಡಿ ಪುಟದ ಒಂದು ಪ್ರತಿ ದಯವಿಟ್ಟು ಕೊಡಿ. ನಮ್ಮ ಹತ್ತಿರ ಇದ್ದದ್ದು ಮನೆ ಬದಲಾಯಿಸುವಾಗ ನನ್ನ ಕೈಯಿಂದ ಕಳೆದುಹೋಗಿದೆ.'

"ಆಫೀಸೆಲ್ಲಾ ತಲೆಕೆಳಗು ಮಾಡಿ ಹುಡುಕಿದ್ವಿ. ಯಾರ ಕಾಪಿನಲ್ಲೂ ಇಲ್ಲ. ಯಾರೋ ವಕೀಲ್ರು ಹಿಂದೆ ನಿಂತು ಬರೆಸ್ತಿದಾರೆ ಅನ್ಸುತ್ತೆ. ನೀವೂ ಸ್ವಲ್ಪ ನೋಡಿ ಮೇಡಂ, ಈ ಫಾರ್ಮ್ಯಾಟಿನ ಡಿ ಎಲ್ಲಾದ್ರೂ ಸಿಗುತ್ತಾ ಅಂತ."

ಆ ಪುಟ ಎಲ್ಲೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ನೋಡ್ತೀನಿ" ಎಂದೆ.

ಮನೆಗೆ ಹೋಗುವ ದಾರಿಯಲ್ಲಿ ಪೂರ್ತಿ ನೆನಪಾಯಿತು. ಸೀನಿಯರ್ ಆಫೀಸಿಗೆ ಆ ಡೆಕೊರೇಟರ್ ಕೆಂಡದಂಥ ಸಿಟ್ಟಿನಲ್ಲಿ ಬಂದಿದ್ದ. ಅವನ ಮ್ಯಾನೇಜರ್ ಮುಹೂರ್ತದ ಹೊತ್ತಿಗೆ ಮಂಟಪ ಬಿಟ್ಟು ಹೋಗಿ ಮಾನ ಹರಾಜಾಗಿತ್ತು. "ಕೊನೇ ಪಾತ್ರೆ ಎಣಿಸಿ, ಕೊನೇ ದೀಪ ತೆಗೆಯೋವರೆಗೂ ಒಬ್ಬನೂ ಕದಲಬಾರ್ದು, ಹಂಗ್ ಬರೀರಿ," ಎಂದು ಮೇಜು ಕುಟ್ಟಿದ್ದ. ನಾನು ಹಾಗೇ ಬರೆದೆ. ಬರೆದ ಮೇಲೆ ಏನೋ ಕಸಿವಿಸಿ. ಹುಷಾರಿಲ್ಲದಿದ್ದರೆ? ಮನೆಯಲ್ಲಿ ಏನಾದರೂ ಆದರೆ? ಅದಕ್ಕೇ 'ಷೆಡ್ಯೂಲ್ ಡಿ' ಎಂದು ಸೇರಿಸಿ, ಕೊನೆಯಲ್ಲಿ ಒಂದು ಹಾಳೆಗೆ ಆ ತಲೆಬರಹ ಕೊಟ್ಟು, ಕೆಳಗೆ ಖಾಲಿ ಬಿಟ್ಟು ಸೀನಿಯರ್ ಮುಂದೆ ಇಟ್ಟೆ. ಯಾವ ಯಾವ ಸಂದರ್ಭ ಎಂದು ಕಕ್ಷಿದಾರನನ್ನೇ ಕೇಳೋಣ ಎಂದೆ. "ಆಮೇಲೆ ಕಳಿಸ್ತಾನೆ ಬಿಡಮ್ಮ. ಖಾಲಿ ಹಾಳೆ ಹಾಕಿ ಕೊಟ್ರೆ ಕೆಲಸ ಅರ್ಧ ಮಾಡಿದ ಹಾಗೆ ಕಾಣುತ್ತೆ, ತೆಗಿ," ಎಂದರು. ತೆಗೆದೆ. ಹಾಳೆ ತೆಗೆದವಳು ಒಂಬತ್ತನೇ ಕಲಮಿನಲ್ಲಿದ್ದ ಅದರ ಹೆಸರನ್ನು ತೆಗೆಯಲಿಲ್ಲ. ಪಟ್ಟಿ ಬರಲೂ ಇಲ್ಲ. ಇಷ್ಟು ವರ್ಷ ಆ ವಾಕ್ಯ ಕೈಯಿಂದ ಕೈಗೆ, ಸಂಸ್ಥೆಯಿಂದ ಸಂಸ್ಥೆಗೆ ದಾಟಿ, ಎಷ್ಟು ಜನರ ಸಹಿ ಮಾಡಿಸಿಕೊಂಡಿತ್ತೋ ದೇವರೇ ಬಲ್ಲ.

ಆ ವಾರ ಪೆನ್ಸಿಲಿನ ಆ ಚಿಹ್ನೆ ಎಲ್ಲಿ ನೋಡಿದರೂ ಕಾಣುತ್ತಿತ್ತು. ಬೇರೆಯವರ ಬಾಡಿಗೆ ಕರಾರು ಓದುವಾಗಲೂ ಅಂಚಿನಲ್ಲಿ ಏನಾದರೂ ಗೀಚಿದೆಯೇ ಎಂದು ಕಣ್ಣು ಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಕೆಲಸ ಶುರು ಮಾಡಿದೆ, ಕೆಲಸದಲ್ಲಿ ಮರೆಯಾಗಬಹುದು ಎಂದುಕೊಂಡು.

ಹಳೆಯ ಒಪ್ಪಂದ ಮೊದಲ ಸಾಲಿನಲ್ಲೇ ತಪ್ಪಿತ್ತು. ಪ್ಲಾನರ್‌ಗಳನ್ನು 'ಸಲಹೆಗಾರರು' ಎಂದು ಕರೆದು, ಕೆಲಸಗಾರರಿಗೆ ಸಿಗಬೇಕಾದ ಸೌಲಭ್ಯದಿಂದ ಜಾರಿಕೊಳ್ಳುವ ಜಾಣತನ. ಎಷ್ಟು ಹೊತ್ತಿಗೆ ಬರಬೇಕು, ಎಲ್ಲಿ ನಿಲ್ಲಬೇಕು, ಯಾವ ಬಣ್ಣದ ಸೀರೆ ಉಡಬೇಕು ಎಂದು ಮಾಲೀಕರೇ ಹೇಳುವಾಗ ಅವರು ನೌಕರರೇ. ಕೋರ್ಟು ನೋಡುವುದು ಹೆಸರನ್ನಲ್ಲ, ಕೆಲಸದ ರೀತಿಯನ್ನು. ಅದನ್ನು ತಿದ್ದಿದೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಈ ಕಸುಬನ್ನೇ ಮಾಡಬಾರದು ಎಂಬ ಕಲಮನ್ನು ಹೊಡೆದುಹಾಕಿದೆ. ಹೊಟ್ಟೆಪಾಡಿನ ಕಸುಬನ್ನು ಹಾಗೆ ಕಟ್ಟಿಹಾಕುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅದರ ಬದಲು ಗ್ರಾಹಕರ ವಿವರ ಹೊರಗೆ ಕೊಡಬಾರದು ಎಂದಷ್ಟೇ ಬರೆದೆ. ನೌಕರರ ಅಂಕಪಟ್ಟಿಯ ಮೂಲಪ್ರತಿಯನ್ನು ಸಂಸ್ಥೆ ಇಟ್ಟುಕೊಳ್ಳುವ ಪದ್ಧತಿ ನಿಲ್ಲಿಸಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಎಂಬ ಮಿತಿ, ಮೀರಿದರೆ ಎರಡರಷ್ಟು ಕೂಲಿ, ವಾರದ ರಜೆ ಎಂದು ಬರೆದಾಗ ಮಾಲೀಕರು ಫೋನಿನಲ್ಲೇ ನಕ್ಕರು.

"ಒಂಬತ್ ಗಂಟೇಲಿ ಮದ್ವೆ ಮುಗಿಯುತ್ತಾ ಮೇಡಂ? ನೀವು ಒಂದ್ಸಲ ಬಂದು ನೋಡಿ. ಕೂತ್ಕೊಂಡು ಬರೀಬೇಡಿ."

ಮಾತು ಚುಚ್ಚಿತು, ಆದರೆ ನಿಜ. ನಾನು ಹಿಂದೆಯೂ ಕೂತುಕೊಂಡೇ ಬರೆದಿದ್ದೆ.

ಮುಂದಿನ ವಾರ ಒಂದು ನಿಶ್ಚಿತಾರ್ಥಕ್ಕೆ ಹೋದೆ. ಕನ್ವೆನ್ಷನ್ ಹಾಲ್ ಅದೇ, ಬಳ್ಳಾರಿ ರಸ್ತೆಯದು. ಬೆಳಿಗ್ಗೆ ಆರಕ್ಕೆ ಹೂವಿನ ಗಾಡಿಯ ಹಿಂದೆಯೇ ಪ್ಲಾನರ್ ಬಂದಳು. ತೀರಿಕೊಂಡಾಕೆಗೆ ಸಹಾಯಕಿಯಾಗಿದ್ದ ಹುಡುಗಿ, ಈಗ ಅವಳದೇ ಮುಂದಾಳತ್ವ. ಸೊಂಟಕ್ಕೆ ಕೆಂಪು ದಾರದಲ್ಲಿ ಬೀಗದ ಕೈ ಗೊಂಚಲು: ಹೆಣ್ಣಿನ ಕೋಣೆ, ಒಡವೆಯ ಬೀರು, ಉಗ್ರಾಣ, ಜನರೇಟರ್ ಕೋಣೆ. ಹೆಣ್ಣಿನ ತಾಯಿ, ಅಡುಗೆಯವರು, ವಾಲಗದವರು, ಎಲ್ಲರೂ ಆ ಗೊಂಚಲನ್ನು ನೋಡಿ "ಮೇಡಂ, ಇಲ್ಲಿ ಬನ್ನಿ" ಎನ್ನುತ್ತಿದ್ದರು. ಮಧ್ಯಾಹ್ನದವರೆಗೆ ಅವಳು ಒಂದು ಸಲ ಕೂತದ್ದನ್ನು ನಾನು ಕಾಣಲಿಲ್ಲ.

ಊಟದ ಪಂಕ್ತಿ ನಡೆಯುವಾಗ ಉಗ್ರಾಣದ ಬಾಗಿಲಲ್ಲಿ ಅವಳನ್ನು ಹಿಡಿದೆ. ಗೊಂಚಲನ್ನು ಇನ್ನೊಬ್ಬರಿಗೆ ಕೊಟ್ಟು ಹೋಗುವ ಪದ್ಧತಿ ಇದೆಯೇ ಎಂದು ಕೇಳಿದೆ.

"ಕೀ ಯಾರ ಹತ್ರ ಇರುತ್ತೋ ಅವ್ರೇ ಕೊನೇವರೆಗೂ ಮೇಡಂ. ಹುಡುಗಿ ಮನೆಯವ್ರು ಒಡವೆ ಬೀರು ನಂಬಿ ಕೊಟ್ಟಿರ್ತಾರೆ. ಅವ್ರಿಗೆ ಒಂದೇ ಮುಖ ಗೊತ್ತಿರೋದು." ಅವಳೇ ಮುಂದುವರಿಸಿದಳು. "ಅಕ್ಕಂಗೆ ಎರಡನೇ ದಿನ ಹೇಳ್ದೆ, ಕೀ ಕೊಡಿ, ನಾನ್ ನೋಡ್ಕೋತೀನಿ ಅಂತ. 'ಹುಡುಗಿ ಅಮ್ಮಂಗೆ ನೀನು ಯಾರು ಅಂತಾನೇ ಗೊತ್ತಿಲ್ಲ ಕಣೆ' ಅಂದ್ರು. ಮುಖ ಎಲ್ಲಾ ಕೆಂಪಗಾಗಿತ್ತು. ನಾನು ಇನ್ನೊಂದ್ ಸಲ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಅವಳನ್ನು ಯಾರೋ ಕರೆದರು. ಬೀಗದ ಕೈ ಸದ್ದು ಮಾಡುತ್ತಾ ಓಡಿದಳು. ತೀರಿಕೊಂಡಾಕೆಯ ಸೊಂಟದಲ್ಲಿದ್ದದ್ದೂ ಅದೇ ಗೊಂಚಲು ಇರಬೇಕು ಎಂದು ಆಮೇಲೆ ಹೊಳೆಯಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಊಟ ಮಾಡದೆ ಬಂದೆ.

ಆದರೆ ಕೆಲಸಕ್ಕೆ ಬೇಕಾದ್ದು ಸಿಕ್ಕಿತ್ತು. ರಜೆ ಕೊಡುತ್ತೇವೆ ಎಂದು ಕಾಗದದಲ್ಲಿ ಬರೆದರೆ ಸಾಲದು. ಬೀಗದ ಕೈ ದಾಟಿಸಲು ದಾರಿ ಇಲ್ಲದಿದ್ದರೆ ಯಾರೂ ಹೋಗಲಾರರು. ಪ್ರತಿ ಸಮಾರಂಭಕ್ಕೂ ಇಬ್ಬರು ಪ್ಲಾನರ್‌ಗಳಿರಬೇಕು, ಗ್ರಾಹಕರ ಜೊತೆಗಿನ ಮೊದಲ ಭೇಟಿಯಲ್ಲೇ ಇಬ್ಬರನ್ನೂ ಪರಿಚಯಿಸಬೇಕು, ಬೀಗದ ಕೈಯನ್ನು ಹುಡುಗಿ ಮನೆಯವರ ಎದುರಿಗೇ ಕೊಟ್ಟು ಪಡೆಯಬೇಕು ಎಂದು ಒಂಬತ್ತನೇ ಕಲಮನ್ನು ಹೊಸದಾಗಿ ಬರೆದೆ. ಒಂಬತ್ತು ಗಂಟೆಯ ಲೆಕ್ಕವೂ ಅದರಲ್ಲೇ ಕೂಡಿಬಂತು, ಒಬ್ಬರ ನಂತರ ಒಬ್ಬರು. ಷೆಡ್ಯೂಲ್ ಡಿ ಎಂದು ಟೈಪ್ ಮಾಡಿ, ಕೆಳಗೆ ಏನೂ ಬರೆಯಲಾಗದೆ ಎದ್ದೆ.

ಎರಡು ದಿನ ಬಿಟ್ಟು ಮಾಲೀಕರು ಆಫೀಸಿಗೆ ಬಂದರು. ನಾಲ್ಕನೇ ಕಾಗದ ಬಂದಿತ್ತು.

"ಮೇಡಂ, ಒಂದ್ ಐಡಿಯಾ. ಹೆಂಗೂ ನೀವು ಹೊಸ ಷೆಡ್ಯೂಲ್ ಡಿ ಬರೀತಿದೀರ. ಅದ್ರಲ್ಲೇ ಜ್ವರ, ಆಸ್ಪತ್ರೆ ಅಂತೆಲ್ಲಾ ಹಾಕಿ ಒಂದ್ ಹಾಳೆ ಹಳೇ ತಾರೀಖಿಗೆ ಮಾಡ್ಕೊಡಿ. ಅವ್ರಿಗೂ ಹಾಳೆ ಸಿಕ್ಕಂಗಾಗುತ್ತೆ, ನಮ್ಗೂ ಸೇಫು. ಹೋಗ್ಬಹುದಿತ್ತು, ಅವ್ಳೇ ಹೋಗ್ಲಿಲ್ಲ ಅಂತ ಆಗುತ್ತಲ್ವಾ?"

ನಾನು ಆಗಲೇ 'ಆಗಲ್ಲ' ಎಂದೆ ಎಂದು ಬರೆಯಲು ಆಸೆ. ಹಾಗೆ ಆಗಲಿಲ್ಲ. "ನೋಡ್ತೀನಿ" ಎಂದೆ, ಎರಡನೇ ಸಲ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಟೈಪ್ ಮಾಡಿದೆ. ತೀವ್ರ ಜ್ವರ. ಅಪಘಾತ. ಹತ್ತಿರದ ಬಂಧುವಿನ ಅನಾರೋಗ್ಯ. ಹಳೆಯ ಒಪ್ಪಂದದ ಅಕ್ಷರದ ಅಳತೆಯನ್ನೇ ಇಟ್ಟೆ. ಇಪ್ಪತ್ತು ನಿಮಿಷದಲ್ಲಿ ಹಾಳೆ ಸಿದ್ಧ. ಅಷ್ಟು ವರ್ಷಗಳ ಹಿಂದೆ ಇದಕ್ಕೆ ಇಪ್ಪತ್ತೇ ನಿಮಿಷ ಸಾಕಿತ್ತು ಎಂದು ಆಗ ಗೊತ್ತಾಯಿತು. ಪ್ರಿಂಟ್ ತೆಗೆದು ಆಕೆಯ ಪ್ರತಿಯ ಹಿಂದೆ ಇಟ್ಟು ನೋಡಿದೆ. ಹುಟ್ಟಿನಿಂದಲೂ ಅಲ್ಲೇ ಇದ್ದ ಹಾಗೆ ಕಂಡಿತು. ನನ್ನ ತಪ್ಪೂ ಅದರ ಜೊತೆ ಮಾಯವಾಗುತ್ತಿತ್ತು.

ಆಮೇಲೆ ಗಂಡನ ಕಾಗದವನ್ನು ಮತ್ತೆ ಓದಿದೆ. 'ನನ್ನ ಕೈಯಿಂದ ಕಳೆದುಹೋಗಿದೆ.' ಈ ಹಾಳೆ ಅವರ ಕೈ ಸೇರಿದರೆ ಆ ಮಾತು ನಿಜವಾಗುತ್ತದೆ. ಮನೆಗೆ ಬರಬಹುದು ಎಂದು ಬರೆದಿದ್ದ ಹಾಳೆಯನ್ನು ಅವರೇ ಕಳೆದ ಹಾಗಾಗುತ್ತದೆ, ಹೋಗಬಹುದಾದರೂ ಆಕೆಯೇ ಹೋಗದೆ ನಿಂತ ಹಾಗಾಗುತ್ತದೆ. ಸುಳ್ಳು ದಾಖಲೆ ಮಾಡುವುದು ಅಪರಾಧ ಎಂದು ನನಗೆ ಕಾನೂನು ಕಾಲೇಜಿನಲ್ಲೇ ಗೊತ್ತು. ಅವತ್ತು ನನ್ನನ್ನು ತಡೆದದ್ದು ಆ ಕಾನೂನಲ್ಲ, ಆ ಒಂದು ಸಾಲು. ಹಾಳೆಯನ್ನು ಚೂರು ಚೂರು ಮಾಡಿ ಹಾಕಿ, ಕಂಪ್ಯೂಟರಿನಿಂದಲೂ ಅಳಿಸಿದೆ.

ಮರುದಿನ ಬೆಳಿಗ್ಗೆ ಆರ್.ಟಿ. ನಗರಕ್ಕೆ ಹೋದೆ. ಮಾಲೀಕರ ಆಫೀಸೆಂದರೆ ಅರ್ಧ ಗೋಡೌನು; ಪ್ಲಾಸ್ಟಿಕ್ ಮಲ್ಲಿಗೆಯ ಸರಗಳ ನಡುವೆ ಒಂದು ಮೇಜು. ನಿಂತುಕೊಂಡೇ ಹೇಳಿದೆ. ಆ ಕಲಂ ಬರೆದವಳು ನಾನು, ಆ ಹಾಳೆ ತೆಗೆದವಳು ನಾನು, ಷೆಡ್ಯೂಲ್ ಡಿ ಯಾವತ್ತೂ ಇರಲೇ ಇಲ್ಲ, ಹಳೇ ತಾರೀಖು ಹಾಕಿ ಕೊಡುವುದಿಲ್ಲ. ಬೇಕಿದ್ದರೆ ಬೇರೆ ವಕೀಲರ ಹತ್ತಿರ ಹೋಗಿ, ಫೈಲು ಕೊಡುತ್ತೇನೆ ಎಂದೆ.

"ಹಂಗಾದ್ರೆ ಇಷ್ಟ್ ದಿನ ನನ್ ಜೊತೆ ಹುಡುಕೋ ನಾಟಕ ಆಡಿದ್ರಾ?"

"ಹೌದು."

ಅವರ ಮುಖ ಬಿಗಿಯಾಯಿತು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಹಗುರ ಎಂದೂ ಅನ್ನಿಸಿತು. ಅವರು ಬೈಯಲಿಲ್ಲ.

"ಎರಡು ದಿನ ನನ್ ಕಣ್ಮುಂದೇನೇ ಓಡಾಡ್ತಿದ್ಲು," ಎಂದರು. "ಮುಖ ಕೆಂಪಗಿತ್ತು. ಬಿಸಿಲಲ್ಲಿ ಸುತ್ತಿದಾಳೆ ಅನ್ಕೊಂಡೆ. 'ಏನಮ್ಮಾ, ಹುಷಾರಿದೀಯಾ' ಅಂತ ಒಂದ್ ಮಾತು ಕೇಳ್ಲಿಲ್ಲ. ಕೇಳೋಕೆ ಯಾವ ಷೆಡ್ಯೂಲ್ ಬೇಕಿತ್ತು ಮೇಡಂ ನಂಗೆ?"

ನನಗೊಂದು ಕುರ್ಚಿ ಎಳೆದು ಕೊಟ್ಟರು. ಆಮೇಲೆ ಅವರೇ ಹೇಳಿದರು, ಬೇರೆ ವಕೀಲರು ಬೇಡ, ಅವರೂ ಎಲ್ಲಿಂದಲೋ ನಕಲು ಹೊಡೆಯುತ್ತಾರೆ, ನೀವೇ ಬರೆಯಿರಿ ಎಂದು. ಗಂಡನಿಗೆ ನಿಜ ಬರೆದು ಕೊಡೋಣವೇ ಎಂದು ಕೇಳಿದೆ. ಆ ಪತ್ರ ನಾಳೆ ಸಂಸ್ಥೆಯ ವಿರುದ್ಧವೇ ನಿಲ್ಲಬಹುದು ಎಂದು ವಕೀಲೆಯಾಗಿ ಎಚ್ಚರಿಸಿದೆ. ಅವರು ಲೆಟರ್‌ಹೆಡ್ ತೆಗೆದು ನನ್ನ ಮುಂದೆ ತಳ್ಳಿದರು. ನಾನು ಮೂರು ಸಾಲು ಬರೆದೆ: ಷೆಡ್ಯೂಲ್ ಡಿ ಎಂಬ ಪುಟ ಯಾರಿಗೂ ಕೊಟ್ಟಿರಲಿಲ್ಲ, ಅಂಥ ಪುಟ ಇರಲಿಲ್ಲ, ಅದು ನಿಮ್ಮಿಂದ ಕಳೆದದ್ದಲ್ಲ. ಅವರು ಸಹಿ ಹಾಕಿ, ಮೊಹರು ಒತ್ತಿದರು.

ಮೊದಲೇ ಫೋನ್ ಮಾಡಿ ತಿಳಿಸಿ, ಭಾನುವಾರ ಟಿ. ದಾಸರಹಳ್ಳಿಗೆ ಹೋದೆ. ಎರಡನೇ ಮಹಡಿಯ ಸಣ್ಣ ಮನೆ. ಆಕೆಯ ಗಂಡ ಬಾಗಿಲಲ್ಲೇ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾನು ಹಾಳೆ ತರುತ್ತಿದ್ದೇನೆ ಎಂದುಕೊಂಡಿದ್ದರೇನೋ. ಮನೆಯಲ್ಲಿದ್ದ ಆಕೆಯ ಒಪ್ಪಂದದ ಇನ್ನೊಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಟೀಪಾಯಿಯ ಮೇಲಿತ್ತು.

"ಮೊದಲ್ನೇ ದಿನ ಸಂಜಿಮುಂದ ಆಕಿ ಫೋನ್ ಮಾಡಿದ್ಲ್ರೀ," ಎಂದರು, ನಾನು ಕೇಳುವ ಮೊದಲೇ. "ಮೈ ಸುಡಾಕತ್ತೈತಿ, ಬೀರುದಾಗ ನನ್ನ ಅಗ್ರಿಮೆಂಟ್ ಐತಿ, ಷೆಡ್ಯೂಲ್ ಡಿ ನೋಡ್ರಿ, ಜ್ವರ ಅಂತ ಬರದಾರೇನು ಅಂದ್ಲು. ಕಾಗದಾ ಎಲ್ಲಾ ಹರವಿ ನೋಡಿದ್ನಿ. ಎ, ಬಿ, ಸಿ ಇದ್ವು. ಡಿ ಇರ್ಲಿಲ್ಲ. ಅದರ ಹಿಂದಿನ ತಿಂಗಳ ಈ ಮನಿಗೆ ಬಂದಿದ್ವಿ, ಸಾಮಾನು ಕಟ್ಟಿದಾಂವ ನಾನು. ಹಾಳಿ ಇಲ್ಲ ಅಂದ್ನಿ. 'ಇರ್ಲಿ ಬಿಡ್ರಿ, ಮುಗಿಸೇ ಬರ್ತೀನಿ' ಅಂದ್ಲು."

ಅವರ ಕೈ ಕವರಿನ ಮೇಲೇ ಇತ್ತು. ನಾನು ಪತ್ರ ಕೊಟ್ಟೆ. ಅವರು ಓದಿದರು. ಅರ್ಥವಾಗದವರ ಹಾಗೆ ಮತ್ತೆ ಓದಿದರು. ಆಗ ನಾನು ಬಾಯಿಬಿಟ್ಟು ಹೇಳಿದೆ. ಯಶವಂತಪುರದ ಆಫೀಸು, ಖಾಲಿ ಹಾಳೆ, ಕೆಲಸ ಅರ್ಧ ಮಾಡಿದ ಹಾಗೆ ಕಾಣುತ್ತದೆ ಎಂದು ಅದನ್ನು ತೆಗೆದದ್ದು, ಎಲ್ಲ.

"ಹಂಗಾರ," ಎಂದರು, "ನಾ ಕಳದಿಲ್ಲ?"

"ಇಲ್ಲ. ನೀವು ಕಳೆದಿಲ್ಲ. ನಾನೇ ತೆಗೆದದ್ದು."

ಅವರು ಎದ್ದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ತುಂಬ ಹೊತ್ತು. ಹೊರಗೆ ಬಂದಾಗ ಮುಖ ಒದ್ದೆಯಿತ್ತು. ನನಗೆ ನೀರು ತಂದಿದ್ದರು. ನನ್ನನ್ನು ಕ್ಷಮಿಸಿದೆ ಎಂದೇನೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಷೆಡ್ಯೂಲ್ ಡಿ ಕರಡನ್ನು ಅವರಿಗೆ ತೋರಿಸಬೇಕೆಂದು ಹಿಂದಿನ ದಿನ ಕೂತು ಬರೆದಿದ್ದೆ, ಕನ್ನಡದಲ್ಲಿ. ಸಂಕೋಚದಿಂದಲೇ ಮುಂದಿಟ್ಟೆ. ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ಇದರಾಗ 'ಅನುಮತಿ ಕೇಳಿ ಹೋಗಬಹುದು' ಅಂತ ಬರದೀರಿ. ಕೇಳಾವ್ರಿಗೆ ಇದು ಆತು. ಆಕಿ ಬಾಯಿಬಿಟ್ಟು ಕೇಳಾಕಿ ಅಲ್ರೀ. ಮನ್ಯಾಗೂ ಕೇಳ್ತಿರ್ಲಿಲ್ಲ." ಸ್ವಲ್ಪ ಯೋಚಿಸಿ ಹೇಳಿದರು, "ನಮ್ಮ ಫ್ಯಾಕ್ಟರ್ಯಾಗ ಲೇತ್ ಮುಂದ ನಿಂತಾಂವ್ಗ ಜ್ವರ ಬಂದ್ರ ಸೂಪರ್‌ವೈಸರೇ ಮಿಷನ್ ಬಂದ್ ಮಾಡಿ ಮನಿಗೆ ಕಳಸ್ತಾನ. ಮಿಷನ್ ಕೆಡತೈತಿ ಅಂತ ಕಳಸ್ತಾನ, ಆ ಮಾತು ಬ್ಯಾರೆ. ಆದ್ರ ನಾವು ಕೇಳೂದಿಲ್ಲ, ಅಂವಾ ಕಳಸ್ತಾನ."

ಇಷ್ಟು ವರ್ಷ ಕರಾರು ಬರೆದ ನನಗೆ ಅದು ಹೊಳೆದಿರಲಿಲ್ಲ. ಪೆನ್ನು ತೆಗೆದು ಅಲ್ಲೇ ತಿದ್ದಿದೆ. 'ನೌಕರರು ಅನುಮತಿ ಕೇಳಿ ಹೋಗಬಹುದು' ಎಂಬುದನ್ನು ಹೊಡೆದು, 'ಜೊತೆಯ ಪ್ಲಾನರ್ ಅಥವಾ ಮಾಲೀಕರು ಬೀಗದ ಕೈ ಪಡೆದು, ಅವರನ್ನು ಮನೆಗೆ ಅಥವಾ ಆಸ್ಪತ್ರೆಗೆ ಕಳಿಸತಕ್ಕದ್ದು. ಕೇಳಲಿ, ಕೇಳದಿರಲಿ' ಎಂದು ಬರೆದೆ. ಹೊಣೆ ನಿಂತವರಿಂದ ನೋಡುವವರಿಗೆ ದಾಟಿತು. ಅವರು ತಲೆಯಾಡಿಸಿದರು.

"ಇದು ಆಕಿಗೆ ಹತ್ತಂಗಿಲ್ಲ, ಅಲ್ಲೇನ್ರೀ?"

"ಇಲ್ಲ," ಎಂದೆ. "ಸಹಿ ಆದ ದಿನದಿಂದ ಮುಂದಕ್ಕೆ ಮಾತ್ರ."

ಮೆಟ್ಟಿಲಿಳಿದು ಗೇಟಿನವರೆಗೂ ಬಂದರು. ನಾನು ಆಟೋ ನೋಡುತ್ತಿದ್ದೆ. ಅವರು ಸಿಟ್ಟಿಲ್ಲದೆ, ತಮಗೇ ಹೇಳಿಕೊಳ್ಳುವ ಹಾಗೆ ಅಂದರು:

"ಖಾಲಿ ಹಾಳೀನರ ಬಿಟ್ಟಿದ್ರ ಚಲೋ ಇತ್ತ್ರೀ ಮೇಡಂ. ಆಕೀನ ತುಂಬ್ತಿದ್ಲು. ಯಾವ ಕಾಗದದಾಗೂ ಖಾಲಿ ಜಾಗಾ ಬಿಡಾಕಿ ಅಲ್ಲ ಆಕಿ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಟೋದಲ್ಲಿ ಅತ್ತೆ, ಜಾಲಹಳ್ಳಿ ದಾಟುವವರೆಗೂ. ಚಾಲಕ ಕನ್ನಡಿಯಲ್ಲಿ ನೋಡಿ ರೇಡಿಯೋ ಸಣ್ಣಗೆ ಮಾಡಿದ.

ಅಂತಿಮ ಪ್ರತಿ ಮಾಡುವಾಗ ಷೆಡ್ಯೂಲ್ ಡಿ ಕೊನೆಯಲ್ಲಿ ಐದು ಗೆರೆ ಖಾಲಿ ಬಿಟ್ಟೆ. ಕರಾರಿನಲ್ಲಿ ಖಾಲಿ ಜಾಗ ಬಿಡುವುದು ಅಪಾಯ, ಯಾರು ಬೇಕಾದರೂ ಆಮೇಲೆ ತುಂಬಿಬಿಡುತ್ತಾರೆ. ಅದಕ್ಕೆ ಮೇಲೊಂದು ಸೂಚನೆ ಬರೆದೆ: ಸಹಿಗೆ ಮೊದಲು ನೌಕರರು ತಮ್ಮ ಕೈಬರಹದಲ್ಲಿ ತುಂಬಬಹುದು, ಉಳಿದ ಗೆರೆಗಳನ್ನು ಇಬ್ಬರೂ ಸೇರಿ ಹೊಡೆದು ಪಕ್ಕದಲ್ಲಿ ಸಹಿ ಮಾಡತಕ್ಕದ್ದು. ಮಾಲೀಕರು ಅದನ್ನು ಓದಿ, ಹನ್ನೊಂದು ಪ್ರತಿ ತೆಗೆಸಿ ಎಂದರು.

ಸಹಿಯ ದಿನ ಹನ್ನೊಂದು ಜನವೂ ಆ ಗೋಡೌನಿನಲ್ಲಿ ಸೇರಿದ್ದರು. ಪ್ರತಿ ಕಲಮನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಷೆಡ್ಯೂಲುಗಳಿಗೆ ಬಂದಾಗ ಒಂದೊಂದು ಹಾಳೆಯನ್ನೂ ಎತ್ತಿ ತೋರಿಸಿದೆ, ಎ, ಬಿ, ಸಿ, ಡಿ. ಕೆಲವರು ಖಾಲಿ ಗೆರೆಗಳಲ್ಲಿ ಏನೇನೋ ಬರೆದರು: ಮಗುವಿನ ಶಾಲೆಯಿಂದ ಫೋನ್ ಬಂದರೆ, ಡಯಾಲಿಸಿಸ್‌ಗೆ ತಂದೆಯನ್ನು ಕರೆದೊಯ್ಯುವ ದಿನ. ಕೆಲವರು ಸುಮ್ಮನೆ ಗೆರೆ ಹೊಡೆದರು.

ಕೊನೆಗೆ ಬಂದವಳು ಬೀಗದ ಕೈಯ ಹುಡುಗಿ. ಹಾಳೆಯನ್ನು ಎದುರಿಗಿಟ್ಟುಕೊಂಡು ತುಂಬ ಹೊತ್ತು ಕೂತಳು. ಆಮೇಲೆ ಒಂದೇ ಸಾಲು ಬರೆದು, ಉಳಿದ ನಾಲ್ಕು ಗೆರೆ ಹೊಡೆದು, ಸಹಿ ಮಾಡಿ ನನ್ನ ಕೈಗೆ ಕೊಟ್ಟಳು.

'ಜೊತೆಯವರ ಮುಖ ಕೆಂಪಗಿದ್ದರೆ ಎರಡನೇ ಸಲವೂ ಕೇಳುತ್ತೇನೆ.'

ಅದು ಸ್ಥಳ ಬಿಟ್ಟು ಹೋಗುವ ಸಂದರ್ಭವಲ್ಲ. ಕಾನೂನಿನ ಪ್ರಕಾರ ಆ ಪಟ್ಟಿಯಲ್ಲಿ ಇರಬೇಕಾದ ವಾಕ್ಯವೇ ಅಲ್ಲ. ನಾನು ಅದನ್ನು ತೆಗೆಯಲಿಲ್ಲ.